ತೆಳು ಡಿಕಾಕ್ಷನ್‌ಗೆ ಮದ್ದು: ಹಳೆಯ ಹಿತ್ತಾಳೆ ಫಿಲ್ಟರ್ ರಿಪೇರಿಯಿಂದ ಲೋಟದವರೆಗೆ

ರಿಪೇರಿಗೆ ಬಂದದ್ದು ಹಿತ್ತಾಳೆಯ ಕಾಫಿ ಫಿಲ್ಟರ್. ಮೇಲಿನ ಪಾತ್ರೆಯ ಒಳವ್ಯಾಸ 64 ಮಿ.ಮೀ., ಆ ಪಾತ್ರೆಯೊಂದರ ತೂಕವೇ 300 ಗ್ರಾಂ ಹತ್ತಿರ. ದೂರು ಒಂದೇ: ಪುಡಿ ಎಷ್ಟು ಹಾಕಿದರೂ ಕಾಫಿ ಬಾಯಲ್ಲಿ ನಿಲ್ಲುತ್ತಿಲ್ಲ. ಕಹಿ ಇದೆ, ಘಮ ಇದೆ, ಆದರೆ ಗುಟುಕು ಇಳಿದ ಮೇಲೆ ನಾಲಿಗೆ ಬರಿದಾಗುತ್ತದೆ, ಗಂಟಲಲ್ಲಿ ಒಗರು ಮಾತ್ರ ಉಳಿಯುತ್ತದೆ.

ಇಂಥ ಕಾಫಿಗೆ ಸಾಮಾನ್ಯವಾಗಿ ಮಾಡುವ ಉಪಾಯ ಪುಡಿ ಹೆಚ್ಚಿಸುವುದು, ಇಲ್ಲವೇ ಚಿಕೋರಿ ಜಾಸ್ತಿಯಿರುವ ಪುಡಿಗೆ ಬದಲಾಯಿಸುವುದು. ಎರಡೂ ಆಮೇಲಿನ ಮಾತು. ಕಡು ಕಾಫಿ ಬೇರೆ, ಗಟ್ಟಿ ಕಾಫಿ ಬೇರೆ. ಕಡು ಎನ್ನುವುದು ರುಚಿಯ ತೀವ್ರತೆ. ಗಟ್ಟಿ ಎನ್ನುವುದು ಬಾಯಿಗೆ ಸಿಗುವ ಸ್ಪರ್ಶ. ಆ ಸ್ಪರ್ಶ ನಾಲ್ಕು ಕಡೆಯಿಂದ ಬರುತ್ತದೆ: ನೀರಿನಲ್ಲಿ ಕರಗಿದ ಪದಾರ್ಥ, ಕರಗದೆ ತೇಲುವ ಅತಿ ನುಣ್ಣನೆಯ ಪುಡಿ, ಬೀಜದ ಎಣ್ಣೆ, ಮತ್ತು ಹಾಲು. ಕರಗಿದ್ದು ಮೈ ಕೊಡುತ್ತದೆ, ಎಣ್ಣೆ ನಯ ಕೊಡುತ್ತದೆ. ತೇಲುವ ಪುಡಿ ಸ್ವಲ್ಪವಿದ್ದರೆ ತುಂಬಿದ ಭಾವ, ಹೆಚ್ಚಾದರೆ ಮರಳುಮರಳು. ಹಾಲಿನ ಪಾಲು ಇವೆಲ್ಲಕ್ಕಿಂತ ದೊಡ್ಡದು, ಲೆಕ್ಕ ಕೊನೆಯಲ್ಲಿದೆ. ಒಗರು ಈ ನಾಲ್ಕರಲ್ಲಿ ಸೇರುವುದಿಲ್ಲ. ಅದು ಕ್ಲೋರೋಜೆನಿಕ್ ಆಮ್ಲದಂಥ ಪದಾರ್ಥಗಳು ಜೊಲ್ಲಿನ ಪ್ರೋಟೀನನ್ನು ಹಿಡಿದು, ಬಾಯಿಯ ಜಾರುವಿಕೆಯನ್ನೇ ಕಿತ್ತುಕೊಳ್ಳುವುದರಿಂದ ಬರುತ್ತದೆ. ತೆಳು ಮತ್ತು ಒಗರು ಒಟ್ಟಿಗೆ ಬಂದರೆ ಪುಡಿಯನ್ನು ದೂರುವ ಮೊದಲು ಫಿಲ್ಟರನ್ನು ನೋಡಬೇಕು. ನೀರು ಒಂದೇ ದಾರಿಯಲ್ಲಿ ನುಗ್ಗಿ, ಆ ದಾರಿಯ ಪುಡಿಯನ್ನು ಪೂರ್ತಿ ಹಿಂಡಿ, ಉಳಿದದ್ದನ್ನು ಮುಟ್ಟದೆ ಬಿಟ್ಟಾಗ ಈ ಜೋಡಿ ದೋಷ ಕಾಣುತ್ತದೆ.

ಮೊದಲು ಅಳತೆ

ಬದಲಾವಣೆಗೆ ಮುಂಚೆ ಈಗಿನ ಸ್ಥಿತಿ ಗೊತ್ತಿರಬೇಕು. ಪ್ರತಿ ಸಲವೂ ಅಳತೆ ಒಂದೇ: 80:20 ಪುಡಿ (80 ಭಾಗ ಕಾಫಿ, 20 ಭಾಗ ಚಿಕೋರಿ) 30 ಗ್ರಾಂ, ನೀರು 150 ಮಿ.ಲೀ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ 90 ಮಿ.ಲೀ. ಆಸುಪಾಸು ಇಳಿಯುತ್ತದೆ. ಚಿಕೋರಿ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಕಡಿಮೆ.

ಕರಗಿದ್ದೆಷ್ಟು ಎಂದು ತಿಳಿಯಲು ನೀರು ಪರೀಕ್ಷೆಯ ಟಿಡಿಎಸ್ ಪೆನ್ ಬಳಸಬೇಡಿ. ಅದು ವಿದ್ಯುತ್ ಹರಿಯುವಿಕೆಯನ್ನು ಅಳೆಯುತ್ತದೆ, ಅಂದರೆ ಲವಣಗಳನ್ನು ಮಾತ್ರ. ಕಾಫಿಯಲ್ಲಿ ಕರಗಿದ ಬಹುಪಾಲು ಅದರ ಕಣ್ಣಿಗೆ ಬೀಳುವುದೇ ಇಲ್ಲ. ನಂಬಬಹುದಾದ ದಾರಿ ಒಣಗಿಸಿ ತೂಗುವುದು. ಡಿಕಾಕ್ಷನ್ನನ್ನು ಪೇಪರ್ ಫಿಲ್ಟರಿನಲ್ಲಿ ಸೋಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ 10 ಗ್ರಾಂ ತೂಗಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹರಡಿ. ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ನೀರು ಆರಿಸಿ, ನಂತರ 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಿ. ಉಳಿದ ತೂಕವನ್ನು ಹತ್ತರಿಂದ ಗುಣಿಸಿದರೆ ಶೇಕಡಾವಾರು. ರಿಪೇರಿಗೆ ಮುಂಚೆ ಈ ಫಿಲ್ಟರ್ ಕೊಟ್ಟದ್ದು ಶೇ. 4.5ರ ಹತ್ತಿರ. ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮೀಟರ್ (ದ್ರವದಲ್ಲಿ ಕರಗಿದ ಸಕ್ಕರೆ ಅಳೆಯುವ ಸಾಧನ) ಇದ್ದರೆ ಬರೀ ಕಾಫಿಗೆ ಅದರ ಅಂಕಿಯನ್ನು 0.85ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಚಿಕೋರಿ ಬೆರೆತ ಪುಡಿಗೆ ಈ ಗುಣಕ ಸರಿಹೊಂದದು. ಹಳೆಯದು-ಹೊಸದು ಹೋಲಿಸಲಷ್ಟೇ ಉಪಯೋಗಿಸಿ.

ಗಟ್ಟಿತನಕ್ಕೆ ಬೇರೆ ಸಾಧನ ಬೇಕು, ಅದನ್ನು ಮನೆಯಲ್ಲೇ ಕಟ್ಟಬಹುದು. 20 ಮಿ.ಲೀ. ಸಿರಿಂಜಿನ ಒಳದಂಡ ತೆಗೆದು, 20 ಗೇಜಿನ 38 ಮಿ.ಮೀ. ಉದ್ದದ ಮೊಂಡು ಸೂಜಿ ಸಿಕ್ಕಿಸಿ. ಅಂಟು, ಇಂಕು ತುಂಬಲು ಮಾರುವ ಚಪ್ಪಟೆ ತುದಿಯ ಸೂಜಿ ಸಾಕು, ಚುಚ್ಚುವ ಭಯವೂ ಇಲ್ಲ. ಸಿರಿಂಜನ್ನು ನೇರವಾಗಿ ನಿಲ್ಲಿಸಿ ಬಿಗಿದು, ಸೂಜಿಯ ತುದಿ ಕೆಳಗಿನ ಲೋಟದ ದ್ರವದಲ್ಲಿ ಒಂದೆರಡು ಮಿ.ಮೀ. ಮುಳುಗಿರುವಂತೆ ಇಡಿ. ತುದಿ ಗಾಳಿಯಲ್ಲಿ ನೇತಾಡಿದರೆ ಹನಿ ಕಟ್ಟಿ ಬೀಳುತ್ತದೆ; ಕಾಫಿಯ ಹನಿಯೂ ನೀರಿನ ಹನಿಯೂ ಒಂದೇ ಗಾತ್ರದವಲ್ಲ, ಅಲ್ಲಿಂದಲೇ ಅಳತೆ ಕೆಡುತ್ತದೆ. ಮಟ್ಟ 20ರ ಗೆರೆಯಿಂದ 10ರ ಗೆರೆಗೆ ಇಳಿಯುವ ಸಮಯ ನೋಡಿ. ಕೋಣೆಯ ತಾಪದ ನೀರಿಗೆ ಸುಮಾರು ಎರಡು ನಿಮಿಷ ಬರುತ್ತದೆ. ನಿಮ್ಮ ಸೂಜಿಗೆ ಎಷ್ಟು ಬರುತ್ತದೋ ಅದೇ ನಿಮ್ಮ ಬುನಾದಿ.

ಡಿಕಾಕ್ಷನ್ನನ್ನು ಸೋಸಿಯೇ ಹಾಕಬೇಕು, ಇಲ್ಲದಿದ್ದರೆ ನುಣ್ಣನೆಯ ಪುಡಿ ಸೂಜಿಯನ್ನು ಕಟ್ಟುತ್ತದೆ. ಎರಡೂ ಒಂದೇ ತಾಪದಲ್ಲಿರಬೇಕು: ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ತೋರುವ ತಡೆ, 25 ಡಿಗ್ರಿಯಲ್ಲಿ 0.89 ಸೆಂಟಿಪಾಯ್ಸ್ ಇದ್ದದ್ದು 60 ಡಿಗ್ರಿಗೆ 0.47ಕ್ಕೆ, ಅಂದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸುಡುವ ಕಾಫಿಗಿಂತ ಉಗುರುಬೆಚ್ಚಗಿನ ಕಾಫಿ ಗಟ್ಟಿ ಅನ್ನಿಸಲು ಇದೂ ಒಂದು ಕಾರಣ, ಆದ್ದರಿಂದ ರುಚಿ ನೋಡುವಾಗಲೂ ತಾಪ ಒಂದೇ ಇರಲಿ. ರಿಪೇರಿಗೆ ಮುಂಚಿನ ಡಿಕಾಕ್ಷನ್ ನೀರಿಗಿಂತ ಹತ್ತು ಹದಿನೈದು ಸೆಕೆಂಡು ಮಾತ್ರ ಹೆಚ್ಚು ತೆಗೆದುಕೊಂಡಿತು.

ಫಿಲ್ಟರ್ ಬಿಚ್ಚಿ ನೋಡಿದಾಗ

ಪುಡಿ ಹಾಕದೆ ಮೇಲಿನ ಪಾತ್ರೆಗೆ ನೀರು ತುಂಬಿ ಎತ್ತಿ ಹಿಡಿದರೆ ತಳದ ಎಲ್ಲ ತೂತುಗಳಿಂದಲೂ ನೀರು ಸುರಿಯಬೇಕು. ಇಲ್ಲಿ ಒಂದು ಬದಿ ಸುರಿಯುತ್ತಿತ್ತು, ಇನ್ನೊಂದು ಬದಿ ಹನಿಯುತ್ತಿತ್ತು. ಒಳಗಿನಿಂದ ಟಾರ್ಚ್ ಹಿಡಿದಾಗ ಮೂರನೇ ಒಂದು ಭಾಗ ತೂತುಗಳಲ್ಲಿ ಬೆಳಕೇ ಇಲ್ಲ. ಜೊತೆಗೆ ಕಲಾಯಿ ಸವೆದು ತಳದ ಅಂಚಿನಲ್ಲಿ ಹಸಿರು ಕಿಲುಬು, ಬಾಯಿಯ ಹತ್ತಿರ ಒಂದು ನೆಗ್ಗು. ಮುಖ್ಯವಾದದ್ದು ಇನ್ನೊಂದು: ಅದುಮುವ ಬಿಲ್ಲೆಯ ವ್ಯಾಸ 58 ಮಿ.ಮೀ. ಪಾತ್ರೆಯ ಗೋಡೆಗೂ ಬಿಲ್ಲೆಗೂ ಸುತ್ತ 3 ಮಿ.ಮೀ. ಸಂದು. ಬಹುಶಃ ಬೇರೆ ಫಿಲ್ಟರಿನ ಬಿಲ್ಲೆ. ಸುರಿದ ನೀರು ಆ ಸಂದಿನಲ್ಲಿ ಇಳಿದು, ಗೋಡೆಯ ಬದಿಯ ಪುಡಿಯನ್ನು ಎಬ್ಬಿಸಿ, ಅಲ್ಲೇ ದಾರಿ ಮಾಡಿಕೊಳ್ಳುತ್ತಿತ್ತು.

ಕೆಲಸದ ಅನುಕ್ರಮ ಮುಖ್ಯ. ಮೊದಲು ನೆಗ್ಗು, ಆಮೇಲೆ ಶುದ್ಧಿ, ಆಮೇಲೆ ಕಲಾಯಿ, ಕೊನೆಗೆ ತೂತು. ಕಲಾಯಿ ಹಾಕಿದ ಮೇಲೆ ಸುತ್ತಿಗೆ ಮುಟ್ಟಿಸಿದರೆ ತವರದ ಪದರ ಬಿರಿಯುತ್ತದೆ. ನೆಗ್ಗನ್ನು ಒಳಗಿನಿಂದ ದುಂಡನೆಯ ಮರದ ತುಂಡು ಆನಿಸಿ, ಹೊರಗಿನಿಂದ ಕೊಡತಿಯಲ್ಲಿ ಹಗುರವಾಗಿ ಬಡಿದು ತೆಗೆಯಬಹುದು.

ತೂತು ಕಟ್ಟುವುದು ಎರಡು ಪದಾರ್ಥಗಳಿಂದ: ಹಳೆಯ ಕಾಫಿ ಎಣ್ಣೆಯ ಜಿಡ್ಡು, ಗಡಸು ನೀರಿನ ಸುಣ್ಣ. ಒಂದಕ್ಕೆ ಕ್ಷಾರ ಬೇಕು, ಇನ್ನೊಂದಕ್ಕೆ ಹುಳಿ. ಅರ್ಧ ಲೀಟರ್ ಕುದಿನೀರಿಗೆ 15 ಗ್ರಾಂ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಬ್ರಷ್ ಮಾಡಿ ತೊಳೆಯಿರಿ. ಆಮೇಲೆ ಅರ್ಧ ಲೀಟರ್ ಬಿಸಿನೀರಿಗೆ 10 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಇಪ್ಪತ್ತು ನಿಮಿಷ. ಎರಡನ್ನೂ ಒಟ್ಟಿಗೆ ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ, ಕೆಲಸ ಆಗುವುದಿಲ್ಲ, ಒಂದನ್ನೊಂದು ತಣಿಸಿಬಿಡುತ್ತವೆ. ಸ್ಟೀಲ್ ಫಿಲ್ಟರಾದರೆ ಇಲ್ಲಿಗೆ ಮುಗಿಯಿತು.

ಕಟ್ಟಿದ ಫಿಲ್ಟರನ್ನು ಗ್ಯಾಸ್ ಉರಿಯ ಮೇಲೆ ಹಿಡಿದು ಜಿಡ್ಡು ಸುಡುವುದು ಎಷ್ಟೋ ಮನೆಗಳ ರೂಢಿ. ಸ್ಟೀಲಿಗೆ ಅದರಿಂದ ಬಣ್ಣ ನೀಲಿಯಾಗುವುದು ಬಿಟ್ಟರೆ ದೊಡ್ಡ ತೊಂದರೆಯಿಲ್ಲ. ಕಲಾಯಿಯ ಹಿತ್ತಾಳೆಯನ್ನು ಮಾತ್ರ ಹಾಗೆ ಎಂದೂ ಹಿಡಿಯಬಾರದು. ತವರ 232 ಡಿಗ್ರಿಗೆ ಕರಗುತ್ತದೆ, ಬರಿ ಪಾತ್ರೆ ಉರಿಯ ಮೇಲೆ ಆ ತಾಪವನ್ನು ಬೇಗ ಮುಟ್ಟುತ್ತದೆ. ಕರಗಿದ ತವರ ಹರಿದು ನೇರ ತೂತುಗಳಿಗೇ ಇಳಿಯುತ್ತದೆ. ಸೋಡಾದಲ್ಲಿ ರಾತ್ರಿಯಿಡೀ ನೆನೆಸುವುದೂ ಬೇಡ, ತವರಕ್ಕೆ ಕ್ಷಾರ ಆಗದು.

ಕಲಾಯಿ ಹಾಕಿಸುವಾಗ ಎರಡು ಮಾತು ಹೇಳಿಯೇ ಕೊಡಿ. ತವರ ಶುದ್ಧವಾಗಿರಬೇಕು, ಬೆಸುಗೆಯ ಸೀಸ ಬೆರೆತ ತಂತಿ ಮುಟ್ಟಿಸಬಾರದು. ನವಸಾಗರ ಹಾಕಿ ತವರ ಒರೆಸಿದ ಕೂಡಲೇ, ಪಾತ್ರೆ ಇನ್ನೂ ಬಿಸಿಯಿರುವಾಗಲೇ, ಮೇಲಿನ ಪಾತ್ರೆಯನ್ನು ಜೋರಾಗಿ ಒಮ್ಮೆ ಜಾಡಿಸಿ ತೂತುಗಳಲ್ಲಿ ನಿಂತ ತವರವನ್ನು ಹಾರಿಸಬೇಕು. ಹಾಗೆ ಮಾಡಿಸಿದರೂ ಒಂದಷ್ಟು ಮುಚ್ಚಿಯೇ ಬರುತ್ತವೆ. ಕಲಾಯಿ ಹಾಕಿಸಿದ ಮೇಲೆ ಫಿಲ್ಟರ್ ಇಳಿಯುತ್ತಲೇ ಇಲ್ಲ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ. ಬಿಡಿಸಲು ಸರ್ಕ್ಯೂಟ್ ಹಲಗೆ ಕೊರೆಯುವ 0.8 ಮಿ.ಮೀ. ಪಿಸಿಬಿ ಡ್ರಿಲ್ ಬಿಟ್ ಒಳ್ಳೆಯದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುತ್ತದೆ. ಕೈಯಲ್ಲಿ ತಿರುಗಿಸುವ ಪುಟ್ಟ ಹಿಡಿಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಕಾರ್ಬೈಡ್ ಬಿಟ್ ಸ್ವಲ್ಪ ಓರೆಯಾದರೂ ಮುರಿದು ತೂತಿನಲ್ಲೇ ಕೂರುತ್ತದೆ. ಹೊರಗಿನಿಂದ ಒಳಗೆ ಕೊರೆದರೆ ಒಳಮುಖದಲ್ಲಿ ಅಂಚು ಏಳುತ್ತದೆ, ಅದರಲ್ಲಿ ಪುಡಿ ಸಿಕ್ಕಿಕೊಳ್ಳುತ್ತದೆ. ಒಳಗಿನಿಂದ ಹೊರಗೆ ಕೊರೆಯಿರಿ. ತೂತನ್ನು ದೊಡ್ಡದು ಮಾಡುವ ಆಸೆ ಬೇಡ. 1 ಮಿ.ಮೀ. ದಾಟಿದರೆ ಪುಡಿಯೇ ಕೆಳಗೆ ಸುರಿಯುತ್ತದೆ.

ಬಿಲ್ಲೆ ಹೊಸದಾಗಿ ಮಾಡಬೇಕಾಯಿತು. 1 ಮಿ.ಮೀ. ದಪ್ಪದ 304 ಸ್ಟೀಲ್ ತಗಡಿನಿಂದ 63 ಮಿ.ಮೀ. ವ್ಯಾಸದ ವೃತ್ತ; ಗೋಡೆಗೆ ಅರ್ಧ ಮಿ.ಮೀ. ಸಂದು ಮಾತ್ರ. 6 ಮಿ.ಮೀ. ಅಂತರದಲ್ಲಿ 1.5 ಮಿ.ಮೀ. ತೂತುಗಳು, ಒಟ್ಟು 75ರ ಆಸುಪಾಸು. ಬಿಲ್ಲೆಯ ತೂತು ಸಣ್ಣದಿರಬೇಕಿಲ್ಲ. ಸೋಸುವುದು ಅದರ ಕೆಲಸವಲ್ಲ. ಸುರಿದ ನೀರಿನ ರಭಸ ಮುರಿದು ಸಮವಾಗಿ ಹಂಚುವುದಷ್ಟೇ. ಸ್ಟೀಲ್ ಕೊರೆಯುವಾಗ ವೇಗ ಕಡಿಮೆ, ಒತ್ತಡ ಜಾಸ್ತಿ, ಒಂದು ಹನಿ ಎಣ್ಣೆ. ಬಿಟ್ ತಿರುಗುತ್ತಾ ಉಜ್ಜಿದರೆ ಆ ಜಾಗ ಗಡಸಾಗಿ ಮುಂದೆ ಕೊರೆಯಲು ಬಾರದು. ನಡುವೆ 4 ಮಿ.ಮೀ. ಸ್ಟೀಲ್ ಬೋಲ್ಟ್, ಎರಡೂ ಬದಿ ನಟ್ಟು, ಅದೇ ಹಿಡಿಕೆ. ಅಂಚುಗಳನ್ನು ನುಣ್ಣನೆಯ ಅರದಿಂದ ಉಜ್ಜಿ, ಎಣ್ಣೆ ಹೋಗುವಂತೆ ಸೋಡಾನೀರಿನಲ್ಲಿ ಕುದಿಸಿ ತೊಳೆಯಿರಿ.

ಕೊನೆಯ ಪರೀಕ್ಷೆ ಗಾಳಿಯದು. ಮೇಲಿನ ಪಾತ್ರೆ ಕೆಳಗಿನದರಲ್ಲಿ ತೀರ ಬಿಗಿಯಾಗಿ ಕೂತರೆ ಒಳಗಿನ ಗಾಳಿ ಹೊರಬರಲಾರದೆ ಇಳಿಯುವುದು ನಿಂತುಬಿಡುತ್ತದೆ. ಸ್ವಲ್ಪ ಎತ್ತಿ ಇಟ್ಟ ಕೂಡಲೇ ಹನಿ ಶುರುವಾದರೆ ದೋಷ ಪುಡಿಯದಲ್ಲ, ಗಾಳಿಯದು. ಇಲ್ಲಿ ನೆಗ್ಗು ತೆಗೆದ ಮೇಲೆ ಜೋಡಣೆ ಬಿಗಿಯಾಗಿ ಈ ತೊಂದರೆ ಹೊಸದಾಗಿ ಬಂತು. ಕೆಳಗಿನ ಪಾತ್ರೆಯ ಬಾಯಂಚಿನ ಒಳಗೆ ಅರದಿಂದ ಒಂದು ಸಣ್ಣ ಗೀರು ಎಳೆದದ್ದು ಸಾಕಾಯಿತು. ಆ ಗೀರಿನಲ್ಲಿ ಬರಿ ಹಿತ್ತಾಳೆ ಕಾಣುವುದರಿಂದ ಅದು ಕಾಫಿ ಮುಟ್ಟದ ಎತ್ತರದಲ್ಲಿರಬೇಕು.

ಪುಡಿಯ ಹಾಸು

ರಿಪೇರಿಯ ಫಲ ಕಾಣುವುದು ಇಲ್ಲಿ. 64 ಮಿ.ಮೀ. ಪಾತ್ರೆಗೆ 30 ಗ್ರಾಂ ಪುಡಿ ಹಾಕಿದರೆ ಎರಡು ಸೆಂ.ಮೀ.ಗಿಂತ ಸ್ವಲ್ಪ ದಪ್ಪದ ಹಾಸು ಸಿಗುತ್ತದೆ. ಅಷ್ಟು ದಪ್ಪದಲ್ಲಿ ನೀರು ಮೇಲಿನಿಂದ ಕೆಳಗೆ ಬರುವಾಗ ಪದರದಿಂದ ಪದರಕ್ಕೆ ಗಟ್ಟಿಯಾಗುತ್ತಾ ಇಳಿಯುತ್ತದೆ. ಅದರ ಬದಲು 15 ಗ್ರಾಂ ಪುಡಿಯನ್ನು 90 ಮಿ.ಮೀ. ಫಿಲ್ಟರಿಗೆ ಹಾಕಿ ನೋಡಿ: ಹಾಸು ಆರೇಳು ಮಿ.ಮೀ. ಮಾತ್ರ, ನೀರು ಹಾದುಹೋಗಿದ್ದೇ ತಿಳಿಯದು. ಮನೆಯಲ್ಲಿ ಇಬ್ಬರೇ ಇದ್ದು, ಎಂಟು ಜನರ ಫಿಲ್ಟರ್ ಬಳಸುತ್ತಿದ್ದರೆ ತೆಳು ಡಿಕಾಕ್ಷನ್ನಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಚಿಕ್ಕ ಫಿಲ್ಟರ್ ಕೊಳ್ಳುವುದು ದುಬಾರಿ ಪುಡಿ ಕೊಳ್ಳುವುದಕ್ಕಿಂತ ಲಾಭ.

ಪುಡಿ ಚಿರೋಟಿ ರವೆಯಷ್ಟಿರಲಿ. ಅಂಗಡಿಯಲ್ಲಿ ಬೀಸಿಸುವಾಗ ಫಿಲ್ಟರಿಗೆ ಎಂದು ಹೇಳಿ, ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿಯೇ ಪೂರ್ತಿ ಬೀಸಲು ಹೇಳಿ. ಆಗಷ್ಟೇ ಹುರಿದ ಬೀಜದ ಬಿಸಿ ಪುಡಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ನೀರು ಬಿದ್ದೊಡನೆ ಹಾಸು ಉಬ್ಬಿ ಬಿಲ್ಲೆಯನ್ನೇ ಮೇಲೆತ್ತುತ್ತದೆ. ಒಂದು ದಿನ ಬಿಟ್ಟು ಬಳಸಿ. ಮಿಕ್ಸಿಯಲ್ಲಿ ಬೀಸಿದ್ದು ಕಷ್ಟ. ದಪ್ಪ ಕಾಳೂ ಧೂಳೂ ಒಟ್ಟಿಗೆ ಬರುತ್ತವೆ, ಕಾಳು ತೆಳುವಾಗಿಸುತ್ತದೆ, ಧೂಳು ತಳದ ತೂತು ಕಟ್ಟುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಹತ್ತು ಸೆಕೆಂಡು ಬೀಸಿ, ನಿಲ್ಲಿಸಿ, ಅಲುಗಾಡಿಸಿ, ಮತ್ತೆ ಬೀಸಿ. ನಂತರ ಜರಡಿ ಹಿಡಿದು ಮೇಲೆ ಉಳಿದದ್ದನ್ನು ಮಾತ್ರ ಪುನಃ ಬೀಸಿ.

ಪುಡಿ ಹಾಕಿ ಪಾತ್ರೆಯನ್ನು ಬದಿಗೆ ತಟ್ಟಿ ಸಮ ಮಾಡಿ, ಬಿಲ್ಲೆ ಇಟ್ಟು ಅದುಮಿ. ಎಷ್ಟು ಅದುಮಬೇಕೆಂಬುದಕ್ಕೆ ಕೈಯಂದಾಜು ಬೇಡ. ಫಿಲ್ಟರನ್ನು ಅಡುಗೆಮನೆಯ ತಕ್ಕಡಿ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ, 1 ಕೆ.ಜಿ. ತೋರಿಸುವ ತನಕ ಒತ್ತಿ ಬಿಡಿ. ಬಿಲ್ಲೆಯನ್ನು ತಿರುಚಬೇಡಿ, ತಿರುಚಿದರೆ ಗೋಡೆಯ ಬದಿ ಸಡಿಲವಾಗುತ್ತದೆ. ಬಿಲ್ಲೆ ಹಾಗೆಯೇ ಇರಲಿ, ನೀರು ಅದರ ಮೇಲೇ ಬೀಳಲಿ. ಮೊದಲು 40 ಮಿ.ಲೀ. ಸುತ್ತಿಸಿ ಸುರಿದು ಒಂದೂವರೆ ನಿಮಿಷ ಕಾಯಿರಿ. ಪುಡಿ ನೆನೆದು ಗಾಳಿ ಬಿಟ್ಟ ಮೇಲೆ ಉಳಿದ 110 ಮಿ.ಲೀ. ನಿಧಾನವಾಗಿ ಸುರಿದು ಮುಚ್ಚಿ.

ಮೊದಲ ಹನಿಯಿಂದ ಕೊನೆಯ ಹನಿಗೆ ಹದಿನೈದು ಇಪ್ಪತ್ತು ನಿಮಿಷ ಹದ. ಐದಾರು ನಿಮಿಷಕ್ಕೇ ಮುಗಿದರೆ ಪುಡಿ ದಪ್ಪ ಅಥವಾ ದಾರಿ ಬಿದ್ದಿದೆ. ಮುಕ್ಕಾಲು ಗಂಟೆ ದಾಟಿದರೆ ಧೂಳು, ಗಾಳಿ, ಇಲ್ಲವೇ ಅತಿ ಒತ್ತು.

ಇಳಿದ ಮೇಲೆ ಚರಟವನ್ನು ಎಸೆಯುವ ಮೊದಲು ನೋಡಿ. ಈ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಮೀಟರ್ ಇಲ್ಲ. ಬಿಲ್ಲೆಯನ್ನು ನೇರ ಎತ್ತಿ ತೆಗೆದರೆ ಮೇಲ್ಮೈ ಚಪ್ಪಟೆಯಾಗಿ, ಬಿಲ್ಲೆಯ ತೂತುಗಳ ಗುರುತು ಎಲ್ಲೆಡೆ ಒಂದೇ ಸಮ ಮೂಡಿರಬೇಕು. ಹಳೆಯ ಬಿಲ್ಲೆಯ ಚರಟದಲ್ಲಿ ಸುತ್ತಲೂ ಒಂದು ಕಾಲುವೆ, ಅಲ್ಲಿಯ ಪುಡಿ ಬಿಳಿಚಿ ಕಂದಾಗಿತ್ತು, ನಡುವಿನದು ಕಪ್ಪಗಿತ್ತು. ಚಮಚದಿಂದ ಹೋಳು ಮಾಡಿ ಒಳಗೆ ಒಣ ಉಂಡೆ ಸಿಕ್ಕರೆ ಮೊದಲ ನೀರು ಸಮವಾಗಿ ನೆನೆಸಿಲ್ಲ. ಮೇಲೆ ಕೆಸರಿನ ಪದರ ಕೂತಿದ್ದರೆ ಧೂಳು ಜಾಸ್ತಿ ಅಥವಾ ನೀರು ರಭಸವಾಗಿ ಬಿದ್ದಿದೆ.

ಹೊಸ ಬಿಲ್ಲೆ, ಬಿಡಿಸಿದ ತೂತು, ಅದೇ ಪುಡಿ, ಅದೇ ನೀರು: ಕರಗಿದ್ದು ಶೇ. 7ಕ್ಕಿಂತ ಸ್ವಲ್ಪ ಮೇಲೆ. ಸಿರಿಂಜಿನಲ್ಲಿ ನೀರಿಗಿಂತ ಅರ್ಧ ನಿಮಿಷ ಹೆಚ್ಚು. ಒಗರು ಇಳಿಯಿತು. ಪುಡಿ ಒಂದು ಗ್ರಾಂ ಕೂಡ ಹೆಚ್ಚಿಸಿಲ್ಲ.

ಎರಡನೇ ಡಿಕಾಕ್ಷನ್ನನ್ನು ಮೊದಲನೆಯದಕ್ಕೆ ಬೆರೆಸಬೇಡಿ. ಮೈ ಕೊಡುವುದು ಮೊದಲೇ ಇಳಿದಿರುತ್ತದೆ, ಮತ್ತೆ ಸುರಿದ ನೀರಿಗೆ ಕಹಿ ಮತ್ತು ಒಗರಿನ ಪಾಲೇ ಹೆಚ್ಚು. ಬೆರೆಸಿದರೆ ಮೊದಲನೆಯದೂ ಕೆಡುತ್ತದೆ.

ನೀರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ 96. ಕುದಿ ಬಂದ ಮೇಲೆ ಆರಲು ಬಿಡಿ ಎಂಬ ಸಲಹೆ ಮಂಗಳೂರಿನಲ್ಲಿ ಒಂದು ನಿಮಿಷಕ್ಕೆ ನಡೆದೀತು; ಮಲೆನಾಡು ಬಯಲುಸೀಮೆಯ ಎತ್ತರದಲ್ಲಿ, ಅದರಲ್ಲೂ ಹಿತ್ತಾಳೆಯಲ್ಲಿ, ಕುದಿಯುತ್ತಿರುವಾಗಲೇ ಸುರಿಯಿರಿ. 300 ಗ್ರಾಂ ತಣ್ಣನೆಯ ಹಿತ್ತಾಳೆ 150 ಮಿ.ಲೀ. ನೀರಿನಿಂದ ಹತ್ತು ಡಿಗ್ರಿಗೂ ಹೆಚ್ಚು ಎಳೆದುಕೊಳ್ಳುತ್ತದೆ. ಪುಡಿ ಹಾಕುವ ಮೊದಲು ಮೇಲಿನ ಪಾತ್ರೆಗೆ ಕುದಿನೀರು ಹಾಯಿಸಿ ಚೆಲ್ಲಿ, ಒರೆಸಿ.

ಬೋರ್‌ವೆಲ್ಲಿನ ಗಡಸು ನೀರಿನ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ನುಂಗಿ ರುಚಿಯನ್ನು ಮಂಕಾಗಿಸುತ್ತದೆ. ಅದಕ್ಕೆಂದು ಮನೆಗೆ ಉಪ್ಪು ಹಾಕುವ ಸಾಫ್ಟ್‌ನರ್ ಕೂರಿಸಿದ್ದರೆ ಆ ನೀರನ್ನು ಫಿಲ್ಟರಿಗೆ ಬಳಸಬೇಡಿ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬೈಕಾರ್ಬೊನೇಟ್ ಉಳಿದ ನೀರಿನಲ್ಲಿ ಪುಡಿ ಊದಿಕೊಂಡು ಹಾಸು ಬಿಗಿಯುತ್ತದೆ, ಇಳಿಯುವ ಸಮಯ ಎಳೆದು ಒಗರು ಹೆಚ್ಚುತ್ತದೆ. ಆರ್‌ಒ ನೀರಿಗೆ ಕಾಲು ಭಾಗ ನಲ್ಲಿ ನೀರು ಬೆರೆಸಿದರೆ ಸಾಕು.

ಚಿಕೋರಿ ಮತ್ತು ಬೀಜ

ಹುರಿದ ಚಿಕೋರಿಯ ಅರ್ಧಕ್ಕಿಂತ ಹೆಚ್ಚು ಭಾಗ ಬಿಸಿನೀರಿನಲ್ಲಿ ಕರಗುತ್ತದೆ. ಕಾಫಿಯಿಂದ ಫಿಲ್ಟರಿನಲ್ಲಿ ಐದನೇ ಒಂದು ಭಾಗ ಇಳಿದರೆ ಹೆಚ್ಚು. 30 ಗ್ರಾಂ 80:20 ಪುಡಿಯಲ್ಲಿ 24 ಗ್ರಾಂ ಕಾಫಿ ಕೊಡುವುದು 5 ಗ್ರಾಂ ಒಳಗೆ, 6 ಗ್ರಾಂ ಚಿಕೋರಿ ಕೊಡುವುದು 3.5 ಗ್ರಾಂ ಆಸುಪಾಸು. ಅಂದರೆ ಐದನೇ ಒಂದು ಪಾಲಿನ ಚಿಕೋರಿ ಡಿಕಾಕ್ಷನ್ನಿನ ಮೈಯಲ್ಲಿ ಐದರಲ್ಲಿ ಎರಡು ಪಾಲು. 53:47ರ ಪುಡಿ ಯಾಕೆ ಅಷ್ಟು ದಪ್ಪಗೆ, ಕಪ್ಪಗೆ ಇಳಿಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಭಾರತದ ಆಹಾರ ನಿಯಮದಲ್ಲಿ ಮಿಶ್ರಣದ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಬರೆಯಬೇಕು; ಓದಿ ಕೊಳ್ಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಕಾಫಿಯ ಎಣ್ಣೆಯೂ ಇಲ್ಲ. ಅದರ ಮೈ ಸಕ್ಕರೆಯ ಮೈ, ನಯವಿಲ್ಲದ್ದು. ನಮ್ಮ ಅಭಿಪ್ರಾಯದಲ್ಲಿ ಶೇ. 10ರಿಂದ 15 ಸಾಕು. ಅದಕ್ಕಿಂತ ಹೆಚ್ಚು ಬೇಕೆನ್ನಿಸಿದರೆ ಫಿಲ್ಟರನ್ನು ಇನ್ನೊಮ್ಮೆ ನೋಡಿ.

ಕೆಲವು ಮನೆಗಳಲ್ಲಿ ಪುಡಿಯ ಮೇಲೆ ಅರ್ಧ ಚಮಚ ಸಕ್ಕರೆ ಉದುರಿಸುತ್ತಾರೆ. ಡಿಕಾಕ್ಷನ್ ಗಟ್ಟಿಯಾಗುವುದು ನಿಜ, 90 ಮಿ.ಲೀ.ಗೆ 2 ಗ್ರಾಂ ಸಕ್ಕರೆ ಸೇರಿತಲ್ಲ. ಬ್ರಿಕ್ಸ್ ಮೀಟರೂ ಅದನ್ನು ಕಾಫಿಯೆಂದೇ ತೋರಿಸುತ್ತದೆ. ಲೋಟಕ್ಕೆ ಹಾಕಿದರೂ ಫಲ ಅದೇ.

ಮೈಗೆ ರೋಬಸ್ಟಾ, ನಯಕ್ಕೆ ಅರೇಬಿಕಾ. ಅರೇಬಿಕಾ ಬೀಜದಲ್ಲಿ ಎಣ್ಣೆ ಶೇ. 15ರ ಆಸುಪಾಸು, ರೋಬಸ್ಟಾದಲ್ಲಿ 10ರ ಹತ್ತಿರ. ಕರಗುವ ಪದಾರ್ಥವೂ ಒಗರೂ ರೋಬಸ್ಟಾದಲ್ಲಿ ಹೆಚ್ಚು. ಅರೇಬಿಕಾದ ಪ್ಲಾಂಟೇಶನ್ ಎ ಅಥವಾ ಪೀಬೆರಿ ದರ್ಜೆ 70 ಭಾಗಕ್ಕೆ 30 ಭಾಗ ರೋಬಸ್ಟಾ ಒಳ್ಳೆಯ ಆರಂಭ. ತೊಳೆದು ಸಂಸ್ಕರಿಸಿದ ರೋಬಸ್ಟಾ ಪಾರ್ಚ್‌ಮೆಂಟ್ ಸಿಕ್ಕರೆ ಹಣ್ಣಿನ ಸಮೇತ ಒಣಗಿಸಿದ ಚೆರಿಗಿಂತ ಅದು ಶುಚಿ. ಕರಾವಳಿಯ ಮುಂಗಾರು ಗಾಳಿಗೆ ಒಡ್ಡಿ ಊದಿಸಿದ ಮಾನ್ಸೂನ್ಡ್ ಮಲಬಾರ್‌ನಲ್ಲಿ ಹುಳಿ ಬಹಳ ಕಡಿಮೆ, ಮೈ ತುಂಬಾ. ಹಾಲಿಲ್ಲದೆ ಕುಡಿಯುವವರು ರೋಬಸ್ಟಾದ ಜಾಗಕ್ಕೆ ಅದನ್ನು ಹಾಕಿ ನೋಡಬಹುದು.

ಹಾಲು

120 ಮಿ.ಲೀ. ಕಾಫಿಯ ಲೆಕ್ಕ ನೋಡಿ. ಶೇ. 7.2ರ ಡಿಕಾಕ್ಷನ್ 30 ಮಿ.ಲೀ. ಹಾಕಿದರೆ ಅದರಲ್ಲಿ ಕರಗಿದ್ದು 2.2 ಗ್ರಾಂ. ಜೊತೆಗೆ 90 ಮಿ.ಲೀ. ಟೋನ್ಡ್ ಹಾಲು. ಅದರಲ್ಲಿ ಕೊಬ್ಬು ಶೇ. 3, ಇತರ ಘನಾಂಶ 8.5, ಒಟ್ಟು 10 ಗ್ರಾಂ ಮೀರಿತು. ಲೋಟದ ಮೈಯ ಐದರಲ್ಲಿ ನಾಲ್ಕು ಪಾಲು ಹಾಲಿನದೇ. ಈಗ ಶೇ. 4.5ರ ತೆಳು ಡಿಕಾಕ್ಷನ್ ತೆಗೆದುಕೊಳ್ಳಿ. ಅಷ್ಟೇ ಕಾಫಿ ರುಚಿ ಬರಲು 48 ಮಿ.ಲೀ. ಬೇಕು, ಹಾಲಿಗೆ ಉಳಿಯುವುದು 72. ಹಾಲಿನ ಘನಾಂಶ 8.3 ಗ್ರಾಮಿಗೆ ಇಳಿಯಿತು, ಕೊಬ್ಬು 2.7ರಿಂದ 2.2ಕ್ಕೆ. ಡಿಕಾಕ್ಷನ್ ಗಟ್ಟಿ ಇರಬೇಕಾದ ನಿಜವಾದ ಕಾರಣ ಇದು: ತೆಳು ಡಿಕಾಕ್ಷನ್ ಅಂದರೆ ಹಾಲಿಗೆ ಬೆರೆಸಿದ ನೀರು.

ಹಾಗಾಗಿ ಹಾಲಿಗೆ ಬೇರೆ ನೀರು ಬೆರೆಸುವ ರೂಢಿಯಿದ್ದರೆ ಅದನ್ನು ಮೊದಲು ಬಿಡಿ. ಶೇ. 4.5 ಕೊಬ್ಬಿನ ಸ್ಟ್ಯಾಂಡರ್ಡೈಸ್ಡ್ ಹಾಲು ಕಾಫಿಗೆ ಹದ. ಶೇ. 6ರ ಫುಲ್ ಕ್ರೀಮ್ ಹಾಲಿನಲ್ಲಿ ನಯ ಬರುತ್ತದೆ, ಕಾಫಿಯ ಘಮ ಮಾತ್ರ ಹಿಂದೆ ಸರಿಯುತ್ತದೆ. ಆಗ ಡಿಕಾಕ್ಷನ್ 35 ಮಿ.ಲೀ. ಮಾಡಿ. ಟೋನ್ಡ್ ಹಾಲೇ ಇದ್ದರೆ ಅರ್ಧ ಲೀಟರನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ 450 ಮಿ.ಲೀ.ಗೆ ಇಳಿಸಿ. ಕೆನೆ ಕಟ್ಟಲು ಬಿಟ್ಟು ತೆಗೆದರೆ ಗಳಿಸಿದ ಕೊಬ್ಬು ಕೆನೆಯ ಜೊತೆ ಹೋಯಿತು. ಹಾಲಿನ ಕೇಸೀನ್ ಎಂಬ ಪ್ರೋಟೀನ್ ಒಗರು ತರುವ ಪದಾರ್ಥಗಳನ್ನು ಹಿಡಿದುಕೊಳ್ಳುತ್ತದೆ, ಸ್ವಲ್ಪ ಒಗರಿರುವ ರೋಬಸ್ಟಾ ಹಾಲಿನಲ್ಲಿ ಸಲೀಸಾಗಿ ಇಳಿಯುವುದು ಅದರಿಂದಲೇ.

ಸಕ್ಕರೆ ಬಿಟ್ಟವರಿಗೆ ಕಾಫಿ ತೆಳು ಅನ್ನಿಸುವುದು ಬರೀ ಮನಸ್ಸಿನ ಭಾವನೆಯಲ್ಲ. ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ 120 ಮಿ.ಲೀ. ಲೋಟದ ಸ್ನಿಗ್ಧತೆಯನ್ನು ಸುಮಾರು ಕಾಲು ಭಾಗ ಏರಿಸುತ್ತದೆ. ಅದನ್ನು ತುಂಬಲು ಹಾಲನ್ನು ಇನ್ನಷ್ಟು ಇಳಿಸುವುದು ಒಳ್ಳೆಯ ದಾರಿ. ಚಿಕೋರಿ ಹೆಚ್ಚಿಸಿದರೆ ಕಹಿಯೂ ಹೆಚ್ಚುತ್ತದೆ, ಸಿಹಿಯಿಲ್ಲದ ಬಾಯಿಗೆ ಅದು ಎದ್ದು ಕಾಣುತ್ತದೆ.

ಲೋಟದಿಂದ ಡಬರಿಗೆ ಎತ್ತಿ ಹೊಯ್ಯುವುದು ಮೂರು ನಾಲ್ಕು ಸಲ ಸಾಕು. ಸಣ್ಣ ಗುಳ್ಳೆಯ ನೊರೆ ಬಾಯಿಗೆ ತುಂಬಿದ ಭಾವ ಕೊಡುತ್ತದೆ, ಕಾಫಿಯೂ ಕುಡಿಯುವ ತಾಪಕ್ಕೆ ಬರುತ್ತದೆ. ಹೆಚ್ಚು ಹೊಯ್ದರೆ ಗುಳ್ಳೆ ದೊಡ್ಡದಾಗಿ ಒಡೆಯುತ್ತದೆ, ಕಾಫಿ ಆರುತ್ತದೆ.

ಇಳಿದು ತಣ್ಣಗಾದ ಡಿಕಾಕ್ಷನ್ನನ್ನು ಒಲೆಯ ಮೇಲೆ ಕುದಿಸದೆ, ಬಟ್ಟಲನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿ, ಕುದಿಯುವ ಹಾಲು ಅದರ ಮೇಲೆ ಬೀಳಲಿ. ಬಟ್ಟಲಿನ ಕೊನೆಯ 5 ಮಿ.ಲೀ. ಲೋಟಕ್ಕೆ ಹಾಕಬೇಡಿ, ಗಸಿ ಕೂತಿರುವುದು ಅಲ್ಲೇ. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ಚರಟ ಫಿಲ್ಟರಿನಲ್ಲಿ ಒಣಗಲು ಬಿಡದೆ ಅಂದೇ ತಟ್ಟಿ ತೆಗೆದು, ತಳದ ತೂತುಗಳ ಮೇಲೆ ಹೊರಗಿನಿಂದ ಬಿಸಿನೀರು ಬಿಟ್ಟು, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಕಲಾಯಿಗೆ ಸ್ಟೀಲ್ ನಾರು ತಾಗಿಸಬಾರದು, ಹುಣಸೆಹಣ್ಣಿನ ಉಜ್ಜುವಿಕೆ ಹೊರಮೈಗೆ ಮಾತ್ರ. ವಾರಕ್ಕೊಮ್ಮೆ ಬರಿ ನೀರು ತುಂಬಿ ಎತ್ತಿ ಹಿಡಿದು, ಟಾರ್ಚ್ ಹಿಡಿದು ನೋಡಿ. ಒಂದು ಬದಿ ನಿಧಾನವಾಯಿತೆಂದರೆ ಸೋಡಾ ಮತ್ತು ನಿಂಬೆ ಉಪ್ಪಿನ ಸರದಿ ಬಂದಿದೆ.